ಯಾಟೆ ಮೊಟ್ಟೆಗೆ ಬರುವ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಯಲಹಂಕ, ಕೆಂಗೇರಿ, ಆನೇಕಲ್ ಕಡೆಯ ಮನೆಗಳಲ್ಲಷ್ಟೇ ಅಲ್ಲ, ಬೆಂಗಳೂರಿನೊಳಗಿನ ಹಳೇ ಬಡಾವಣೆಗಳ ಹಿತ್ತಿಲಲ್ಲೂ ನಾಲ್ಕಾರು ಕೋಳಿ ಸಾಕುವವರಿದ್ದಾರೆ. ಮರಿ ತಂದು ನಾಲ್ಕು ತಿಂಗಳಾಗುತ್ತಿದ್ದಂತೆ ಅವರೆಲ್ಲ ಕೇಳುವುದು ಒಂದೇ: ಇವು ಮೊಟ್ಟೆಗೆ ಬರೋದು ಯಾವಾಗ? ಇವತ್ತು ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ. ಯಾಟೆ ಅಂದರೆ ಮೊಟ್ಟೆಗೆ ಬರಬೇಕಾದ ಎಳೆಯ ಹೆಣ್ಣುಕೋಳಿ. ವಾರದ ಲೆಕ್ಕ ಬೇಕು, ನಿಜ. ಆದರೆ ಕೋಳಿಯ ಮೈ ಹೇಳುವುದನ್ನು ನೋಡಲು ಕಲಿತವರಿಗೆ ಕ್ಯಾಲೆಂಡರ್ ಅಷ್ಟಾಗಿ ಬೇಕಾಗುವುದಿಲ್ಲ. ಆತುರಪಟ್ಟು ಬೇಗ ಮೊಟ್ಟೆ ಇಡಿಸಲು ಹೋದರೆ ಆ ಎಳೆಯ ಜೀವಕ್ಕೇ ಪೆಟ್ಟು.

ಮೊದಲು, ನೀವು ಸಾಕುತ್ತಿರುವುದು ಹೆಣ್ಣೇ ಎಂದು ಖಾತ್ರಿ ಮಾಡಿಕೊಳ್ಳಿ. ರಸ್ತೆ ಬದಿಯಲ್ಲಿ, ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಾಕಿ ಮಾರುವ ಮರಿಗಳನ್ನು ಮಕ್ಕಳು ಹಟ ಮಾಡಿ ಮನೆಗೆ ತರುತ್ತಾರೆ. ಅವುಗಳಲ್ಲಿ ಬಹುಪಾಲು ಗಂಡು. ಮೊಟ್ಟೆಕೋಳಿ ಸಾಕುವ ಫಾರಂಗಳಿಗೆ ಗಂಡುಮರಿ ಬೇಡವಾದ್ದರಿಂದ ಅವು ಹೀಗೆ ಬೀದಿಗೆ ಬರುತ್ತವೆ. ಎಂಟು ವಾರಕ್ಕೇ ಜುಟ್ಟು ದಪ್ಪಗೆ, ಕೆಂಪಗೆ ಎದ್ದು ಬಂದರೆ, ಇನ್ನೂ ಕೆಲವು ವಾರ ಕಳೆದ ಮೇಲೆ ಕತ್ತಿನ ಮತ್ತು ಬಾಲದ ಬುಡದ ಗರಿಗಳು ಚೂಪಾಗಿ ಇಳಿದರೆ ಅದು ಹುಂಜ. ಹೆಣ್ಣಿಗೆ ಎಂಟು ವಾರದಲ್ಲಿ ಜುಟ್ಟು ಸಣ್ಣದಾಗಿ, ಬಿಳಚಿಕೊಂಡು ಇರುತ್ತದೆ, ಗರಿಯ ತುದಿ ಮುಂದೆಯೂ ದುಂಡಗೇ ಇರುತ್ತದೆ. ಇನ್ನೊಂದು ಮಾತು: ಮೊಟ್ಟೆ ಇಡಲು ಹುಂಜ ಬೇಕಾಗಿಲ್ಲ. ಮರಿ ಬೇಕಿದ್ದರೆ ಮಾತ್ರ ಬೇಕು.

ಇನ್ನು ವಯಸ್ಸು. ಮೊಟ್ಟೆಗೆಂದೇ ಬೆಳೆಸಿದ ಬಿವಿ-380ಯಂಥ ಕಂದು ಕೋಳಿಗಳು 18ರಿಂದ 20 ವಾರಕ್ಕೆ ಶುರುಮಾಡುತ್ತವೆ. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಕೋಳಿಗಳಿಗೆ ಐದೂವರೆ ತಿಂಗಳ ಆಸುಪಾಸು ಬೇಕು. ನಾಟಿ ಕೋಳಿ ಆರು ತಿಂಗಳು, ಕೆಲವೊಮ್ಮೆ ಏಳು ತಿಂಗಳೂ ತೆಗೆದುಕೊಳ್ಳುತ್ತದೆ. ಪಕ್ಕದ ಮನೆಯ ಬಿವಿ ಕೋಳಿ ನಾಲ್ಕೂವರೆ ತಿಂಗಳಿಗೆ ಮೊಟ್ಟೆ ಇಟ್ಟಿತೆಂದು ನಿಮ್ಮ ನಾಟಿ ಯಾಟೆಯನ್ನು ಬೈಯಬೇಡಿ. ಮರಿ ಕೊಳ್ಳುವಾಗಲೇ ತಳಿ ಯಾವುದು, ಮೊಟ್ಟೆಯೊಡೆದ ದಿನ ಯಾವುದು ಎಂದು ಕೇಳಿ ಬರೆದಿಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಈಗ ಮೈಯ ಗುರುತುಗಳಿಗೆ ಬರೋಣ. ಮೊದಲು ಬದಲಾಗುವುದು ಮುಖ. ಮಂಕಾಗಿದ್ದ ಜುಟ್ಟು ತುಂಬಿಕೊಂಡು ಕೆಂಪಾಗುತ್ತದೆ, ಗಲ್ಲದ ಕೆಳಗಿನ ಜೋಲು ಬೆಳೆಯುತ್ತದೆ. ಒಳಗೆ ಅಂಡಾಶಯ ಎಚ್ಚೆತ್ತು ಹಾರ್ಮೋನು ಬಿಡುತ್ತಿರುವುದಕ್ಕೆ ಇದು ಹೊರಗಿನ ಗುರುತು. ಇಲ್ಲಿಂದ ಮೊಟ್ಟೆಗೆ ಸಾಮಾನ್ಯವಾಗಿ ಎರಡು ಮೂರು ವಾರ.

ಆಮೇಲೆ ನಡವಳಿಕೆ. ನಿನ್ನೆಯವರೆಗೆ ಕೈ ಚಾಚಿದರೆ ಓಡುತ್ತಿದ್ದ ಕೋಳಿ ಇವತ್ತು ನೀವು ಹತ್ತಿರ ಹೋದೊಡನೆ ರೆಕ್ಕೆ ತುಸು ಅಗಲಿಸಿ, ಬೆನ್ನು ತಗ್ಗಿಸಿ ನೆಲಕ್ಕೆ ಕೂತುಬಿಡುತ್ತದೆ. ಹುಂಜ ಮೇಲೇರಲು ಒಪ್ಪಿಗೆ ಕೊಡುವ ಭಂಗಿ ಅದು. ಎಲ್ಲ ಗುರುತುಗಳಲ್ಲಿ ನನಗೆ ಇದರ ಮೇಲೆ ಹೆಚ್ಚು ನಂಬಿಕೆ. ಹೀಗೆ ಕೂರಲು ಶುರುಮಾಡಿದ ಯಾಟೆ ಬಹಳ ಸಲ ಒಂದೆರಡು ವಾರದೊಳಗೆ ಮೊಟ್ಟೆ ಇಡುತ್ತದೆ. ಮೂಲೆಮೂಲೆ ಹುಡುಕುವುದು, ಸೌದೆ ಒಟ್ಟಿದ ಕಡೆ ನುಗ್ಗುವುದು, ಹುಲ್ಲುಕಡ್ಡಿ ಎತ್ತಿ ಬೆನ್ನ ಮೇಲೆ ಹಾಕಿಕೊಳ್ಳುವುದು, ಸುಮ್ಮನೆ ಕೊಕ್ ಕೊಕ್ ಎಂದು ರಾಗ ಎಳೆಯುವುದು, ಇವೆಲ್ಲ ಜೊತೆಗೇ ಬರುತ್ತವೆ.

ಇನ್ನೂ ಅನುಮಾನವಿದ್ದರೆ ಕೈಯಲ್ಲಿ ಮುಟ್ಟಿ ನೋಡಬಹುದು. ಸಂಜೆ ಕೋಳಿ ಗೂಡು ಸೇರಿ ಶಾಂತವಾದ ಮೇಲೆ ಎತ್ತಿ, ತಲೆ ನಿಮ್ಮ ತೋಳಿನ ಕಡೆ ಬರುವಂತೆ ಮೈಗೆ ಒತ್ತಿ ಹಿಡಿದುಕೊಳ್ಳಿ. ಮೊಟ್ಟೆ ಬರುವ ದ್ವಾರದ ಎರಡು ಪಕ್ಕದಲ್ಲೂ ಒಂದೊಂದು ಮೂಳೆಯ ತುದಿ ಬೆರಳಿಗೆ ತಗಲುತ್ತದೆ. ಆ ಎರಡರ ನಡುವೆ ಒಂದು ಬೆರಳೂ ಹಿಡಿಸದಿದ್ದರೆ ಇನ್ನೂ ಹೊತ್ತಿದೆ. ಎರಡು ಬೆರಳು ಹಿಡಿಸಿದರೆ ಹತ್ತಿರ ಬಂದಿದೆ. ಮೂರು ಹಿಡಿಸಿದರೆ ಇಂದೋ ನಾಳೆಯೋ, ಅಥವಾ ಆಗಲೇ ಎಲ್ಲೋ ಪೊದೆಯಲ್ಲಿ ಇಡುತ್ತಿದೆ. ದ್ವಾರವೂ ಬದಲಾಗಿರುತ್ತದೆ: ಸಣ್ಣಗೆ, ಒಣಗಿ, ದುಂಡಗಿದ್ದದ್ದು ಅಗಲವಾಗಿ ತೇವಗೊಂಡಿರುತ್ತದೆ. ಒತ್ತಬೇಡಿ, ಹಿಂಡಬೇಡಿ. ಒಳಗೆ ಮೊಟ್ಟೆಯಿದ್ದರೆ ಒಡೆದೀತು, ಕೋಳಿ ಉಳಿಯುವುದು ಕಷ್ಟ.

ಒಳಗೆ ನಡೆಯುವುದನ್ನು ಕೇಳಿದರೆ ಆ ಪುಟ್ಟ ಮೈಯ ಮೇಲೆ ಗೌರವ ಬರುತ್ತದೆ. ಕೋಳಿಯಲ್ಲಿ ಕೆಲಸ ಮಾಡುವುದು ಎಡಗಡೆಯ ಒಂದೇ ಅಂಡಾಶಯ. ಅಲ್ಲಿಂದ ಹಳದಿ ಭಾಗ ಜಾರಿ, ಬಿಳಿ ಸುತ್ತಿಕೊಂಡು, ಪೊರೆ ಕಟ್ಟಿ, ಚಿಪ್ಪು ಮೂಡಿ ಹೊರಬರಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಹೋಗುವುದು ಚಿಪ್ಪಿಗೇ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೊದಲ ಮೊಟ್ಟೆಗೆ ಹತ್ತು ಹದಿನಾಲ್ಕು ದಿನ ಮುಂಚೆಯೇ ಯಾಟೆ ತನ್ನ ಕಾಲಮೂಳೆಯ ಟೊಳ್ಳಿನಲ್ಲಿ ಸುಣ್ಣ ಕೂಡಿಡಲು ಶುರುಮಾಡುತ್ತದೆ. ಹಾಗಾಗಿ ಜುಟ್ಟು ಕೆಂಪಾದ ಆ ವಾರಗಳಲ್ಲಿ ನೀವು ಏನು ತಿನ್ನಿಸುತ್ತೀರಿ ಅನ್ನುವುದು ಮುಂದಿನ ವರ್ಷಪೂರ್ತಿಯ ಮಾತು.

ನಮ್ಮ ಕಡೆ ರಾಗಿ ಹಾಕಿದರೆ ಸಾಕು, ಅದರಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಅನ್ನುತ್ತಾರೆ. ಮನುಷ್ಯರಿಗೆ ಆ ಮಾತು ಸರಿ. ಮೊಟ್ಟೆಕೋಳಿಗೆ ಸಾಲದು. ಒಂದು ಕೋಳಿ ದಿನಕ್ಕೆ 100 ಗ್ರಾಂ ಚಿಲ್ಲರೆ ತಿನ್ನುತ್ತದೆ. ಅಷ್ಟು ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ತಿಂದದ್ದೆಲ್ಲ ಚಿಪ್ಪಿಗೆ ಹೋಗುವುದಿಲ್ಲವಾದ್ದರಿಂದ ಮೇವಿನಲ್ಲಿ ಬೇಕಾದದ್ದು ಮೂರೂವರೆಯಿಂದ 4 ಗ್ರಾಂ. ಬರೀ ಅಕ್ಕಿನುಚ್ಚು, ಮಿಕ್ಕ ಅನ್ನ, ರಾಗಿ ತಿಂದ ಕೋಳಿಗೆ ಸಸಾರಜನಕವೂ ಸಾಲದು, ಮೊಟ್ಟೆ ತಿಂಗಳುಗಟ್ಟಲೆ ತಡವಾಗುತ್ತದೆ. ಕಡಲೆಕಾಯಿ ಹಿಂಡಿ, ನುಗ್ಗೆಸೊಪ್ಪು, ನೀರಿನ ಮೇಲೆ ಬೆಳೆಯುವ ಅಜೋಲ್ಲಾ ಸೊಪ್ಪು, ಕೆದಕಿ ಹುಳು ಹೆಕ್ಕಲು ಒಂದಿಷ್ಟು ಮಣ್ಣು ಇದ್ದರೆ ವ್ಯತ್ಯಾಸ ಕಾಣುತ್ತದೆ. ಬೂಸಲು ಹಿಡಿದ ಹಿಂಡಿ ಮಾತ್ರ ಬೇಡ, ಅದು ಕೋಳಿಗೆ ವಿಷ.

ಹಾಗೆಂದು ಎರಡು ತಿಂಗಳ ಮರಿಗೇ ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಕೋಳಿಯ ಮೇವು, ಸುರಿಯಬೇಡಿ. ಅದರಲ್ಲಿರುವ ಕ್ಯಾಲ್ಸಿಯಂ ಬೆಳೆಯುವ ಮರಿಯ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಬೆಳೆಯುವ ಕೋಳಿಯ ಗ್ರೋವರ್ ಫೀಡನ್ನೇ ಮುಂದುವರಿಸಿ, ಜುಟ್ಟು ಕೆಂಪಾಗಿ ಕೋಳಿ ತಗ್ಗಿ ಕೂರಲು ಶುರುಮಾಡಿದಾಗ ನಿಧಾನವಾಗಿ ಬದಲಿಸಿ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ. ಎಷ್ಟು ಬೇಕೋ ಅಷ್ಟನ್ನು ಕೋಳಿಯೇ ತಿನ್ನುತ್ತದೆ. ಮನೆಯ ಮೊಟ್ಟೆಚಿಪ್ಪನ್ನೂ ಚೆನ್ನಾಗಿ ಹುರಿದು ಪುಡಿ ಮಾಡಿ ಕೊಡಬಹುದು.

ಬೆಳಕಿನ ಬಗ್ಗೆ ಒಂದು ಮಾತು. ಚಳಿದೇಶದವರು ಚಳಿಗಾಲದಲ್ಲಿ ಕೋಳಿ ಮೊಟ್ಟೆ ನಿಲ್ಲಿಸುತ್ತದೆ, ಬಲ್ಬು ಹಾಕಿ ಎನ್ನುತ್ತಾರೆ. ಅಲ್ಲಿ ಹಗಲು ಎಂಟು ಗಂಟೆಗೆ ಇಳಿಯುವ ಊರುಗಳಿವೆ, ಅವರಿಗೆ ಅದು ಸರಿ. ಬೆಂಗಳೂರಿನಲ್ಲಿ ಡಿಸೆಂಬರ್ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನ್ ಹಗಲು 12 ಗಂಟೆ 50 ನಿಮಿಷದ ಆಸುಪಾಸು. ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೆ. ಹಗಲು ಬೆಳೆಯುವ ಜನವರಿ, ಫೆಬ್ರವರಿಯಲ್ಲಿ ಯಾಟೆಗಳು ತುಸು ಚುರುಕಾಗುತ್ತವೆ, ಹಗಲು ಕುಗ್ಗುವಾಗ ತುಸು ನಿಧಾನ. ಎಳೆಯ ಯಾಟೆಗೆ ರಾತ್ರಿಯಿಡೀ ಬಲ್ಬು ಉರಿಸಿ ಅವಸರಪಡಿಸಿದರೆ ಮೈ ತುಂಬುವ ಮೊದಲೇ ಮೊಟ್ಟೆಗೆ ಬರುತ್ತದೆ. ಮೊಟ್ಟೆ ಇಡುವಾಗ ಮೊಟ್ಟೆ ಬರುವ ನಾಳವೇ ಹೊರಬಂದು ಸಾಯುವ ಅಪಾಯ ಅಂಥ ಕೋಳಿಗಳಿಗೆ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ.

ಗೂಡು ಮೊದಲೇ ಸಿದ್ಧವಿರಲಿ. ನಸುಗತ್ತಲ ಮೂಲೆಯಲ್ಲಿ ಒಂದಡಿ ಅಗಲದ ಪೆಟ್ಟಿಗೆ ಅಥವಾ ಮಂಕರಿ, ಒಳಗೆ ಒಣಹುಲ್ಲು. ನಾಲ್ಕು ಕೋಳಿಗೆ ಒಂದು ಸಾಕು. ರಾತ್ರಿ ಕೂರುವ ಕೋಲಿಗಿಂತ ಎತ್ತರದಲ್ಲಿಡಬೇಡಿ, ಅಲ್ಲೇ ಮಲಗಿ ಗಲೀಜು ಮಾಡುತ್ತವೆ. ಒಳಗೊಂದು ನುಣುಪಾದ ಬಿಳಿಕಲ್ಲು ಇಟ್ಟರೆ ಮೊಟ್ಟೆ ಇಡುವ ಜಾಗ ಇದೇ ಎಂದು ಯಾಟೆಗೆ ಹೊಳೆಯುತ್ತದೆ.

ಮೊದಲ ಮೊಟ್ಟೆಗಳು ಸಣ್ಣವಿರುತ್ತವೆ. ಒಂದು ಚಿಪ್ಪು ಕಟ್ಟದೆ ಮೆತ್ತಗೆ, ಇನ್ನೊಂದು ಜೋಡಿ ಹಳದಿಯದು, ಮತ್ತೊಂದರ ಮೇಲೆ ರಕ್ತದ ಗೆರೆ. ಒಂದೆರಡು ವಾರ ಇದೆಲ್ಲ ಸಹಜ. ಎರಡು ದಿನ ಇಟ್ಟು ನಾಲ್ಕು ದಿನ ಬಿಟ್ಟರೂ ಗಾಬರಿ ಬೇಡ.

ಗಾಬರಿಪಡಬೇಕಾದ ಸಂಗತಿ ಬೇರೆ. ಕೋಳಿ ಬಾಲ ತಗ್ಗಿಸಿ, ಗರಿ ಉಬ್ಬಿಸಿ, ಮುಕ್ಕರಿಯುತ್ತ ನಿಂತಿದ್ದರೆ ಒಳಗೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಮರುದಿನಕ್ಕೆ ಬಿಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ಎಂಟು ತಿಂಗಳಾದರೂ ಮೊಟ್ಟೆಯ ಸುಳಿವಿಲ್ಲದಿದ್ದರೆ, ಮೊದಲು ಬೇಲಿಯ ಬುಡ, ಮೆಟ್ಟಿಲ ಕೆಳಗೆ, ಪಕ್ಕದ ಖಾಲಿ ನಿವೇಶನ ಹುಡುಕಿ. ಬೆಳಗ್ಗೆ ಹತ್ತು ಹನ್ನೊಂದರವರೆಗೆ ಗೂಡಲ್ಲೇ ಕೂಡಿಟ್ಟು ನೋಡಿ. ಅಲ್ಲೂ ಇಲ್ಲವಾದರೆ ರಾತ್ರಿ ಟಾರ್ಚು ಹಿಡಿದು ಗರಿಯ ಬುಡದಲ್ಲಿ ಹೇನು, ಕೋಲಿನ ಸಂದಿಯಲ್ಲಿ ರಕ್ತ ಹೀರುವ ನುಸಿ ಇದೆಯೇ ಪರೀಕ್ಷಿಸಿ, ಜಂತುಹುಳುವಿನ ಔಷಧಿ ಕೊಟ್ಟು ಎಷ್ಟು ದಿನವಾಯಿತು, ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ, ಲಸಿಕೆ ಆಗಿದೆಯೇ ಎಂದು ಲೆಕ್ಕ ನೋಡಿಕೊಂಡು, ಆ ವಿವರಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಪಶುವೈದ್ಯರ ಬಳಿ ಹೋಗಿ.