ಕೂಸಿನ ಗೋಣು ನಿಂತಿಲ್ಲವೇ? ಕಾಯಬೇಡಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕೂಸಿರುವ ತಾಯಂದಿರು, ಅವರಿಗಿಂತ ಮುಖ್ಯವಾಗಿ ಅಜ್ಜಿಯಂದಿರು, ಸ್ವಲ್ಪ ಕಿವಿಗೊಟ್ಟು ಕೇಳಿ. ನಾಲ್ಕು ತಿಂಗಳು ತುಂಬಿದರೂ ಕೂಸಿನ ಗೋಣು ನಿಂತಿಲ್ಲ ಅಂದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ನಾನು ಹೇಳಲು ಬಂದಿರೋದು ಇದೊಂದೇ.

ಗೋಣು ನಿಲ್ಲದಿರೋದು ಸೆರೆಬ್ರಲ್ ಪಾಲ್ಸಿಯ ಸೂಚನೆ ಇರಬಹುದು. ಸೆರೆಬ್ರಲ್ ಪಾಲ್ಸಿ, ಚಿಕ್ಕದಾಗಿ ಸಿಪಿ, ಅಂದರೆ ಬೆಳೆಯುತ್ತಿರುವ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವುದು. ಕೈಕಾಲಿನಲ್ಲಿ ದೋಷ ಇರಲ್ಲ, ಮೆದುಳಿನಿಂದ ಹೋಗುವ ಹುಕುಂ ಸರಿಯಿರಲ್ಲ.

ಸಿಂಧನೂರು ಕಡೆಯ ಒಬ್ಬ ತಾಯಿ ಒಂದೂವರೆ ವರ್ಷದ ಮಗನನ್ನು ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಎತ್ತಿಕೊಂಡು ಬಂದಿದ್ದಳು, ಜೊತೆಗೆ ಅತ್ತೆ. ಹುಡುಗ ಇನ್ನೂ ಕೂತಿರಲಿಲ್ಲ. ಹಿಡಿದು ನಿಲ್ಲಿಸಿದರೆ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು, ಹಿಮ್ಮಡಿ ನೆಲಕ್ಕೆ ತಾಗದು, ಹೆಬ್ಬೆರಳು ಒಳಗಿಟ್ಟು ಬಿಗಿಮುಷ್ಟಿ. “ಇವರಪ್ಪನೂ ತಡವಾಗೇ ನಡೆದಾನ್ರೀ. ಈಕಿ ಬಸುರಿದ್ದಾಗ ಗ್ರಹಣದಾಗ ಹೊರಗ ಬಂದಿದ್ಲು, ಅದಕ್ಕ ಹಿಂಗಾಗೇತಿ” ಅಂದರು ಅತ್ತೆ. ಸೊಸೆ ತಲೆ ಎತ್ತಲಿಲ್ಲ. ಹೆರಿಗೆ ಎಷ್ಟು ತಿಂಗಳಿಗೆ ಆಯ್ತವ್ವ ಅಂತ ಕೇಳಿದೆ. ಏಳಕ್ಕೇ ಆಗಿತ್ತು, ತೂಕ ಒಂದೂಕಾಲು ಕಿಲೋ, ಎಷ್ಟೋ ದಿನ ಆಸ್ಪತ್ರೆಯ ಬೆಚ್ಚನೆ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ದಿನ ತುಂಬದೆ, ಇಷ್ಟು ಕಡಿಮೆ ತೂಕಕ್ಕೆ ಹುಟ್ಟೋದೇ ಸಿಪಿಗೆ ದೊಡ್ಡ ಕಾರಣ, ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಅಂತ ಅತ್ತೆಗೆ ಬಿಡಿಸಿ ಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಸೊಸೆ ಮೆಲ್ಲಗೆ ಬಾಯಿಬಿಟ್ಟಳು. ಆರನೇ ತಿಂಗಳಲ್ಲೇ ಲಂಗೋಟಿ ಕಟ್ಟುವಾಗ ಕೂಸಿನ ಕಾಲು ಅಗಲ ಆಗ್ತಿರಲಿಲ್ಲ, ಮನೆಯಲ್ಲಿ ಹೇಳಿದ್ದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೋಯ್ತಲ್ಲ ಒಂದು ವರ್ಷ! ತಾಯಿಗೆ ಅನುಮಾನ ಬಂದಿದೆ ಅಂದರೆ ಅಷ್ಟೇ ಸಾಕು, ದಯವಿಟ್ಟು ಅವಳ ಮಾತು ಕೇಳಿ.

ಬೇರೆ ಕಾರಣಗಳನ್ನು ಬೇಗ ಹೇಳಿಬಿಡ್ತೀನಿ. ಬಸುರಿಯಲ್ಲಿ ಸೋಂಕು, ಹುಟ್ಟುವಾಗ ಉಸಿರುಕಟ್ಟೋದು, ಮೆದುಳು ಜ್ವರ, ತಲೆಗೆ ಪೆಟ್ಟು. ವಿಪರೀತ ಕಾಮಾಲೆಯೂ ಹೌದು. ಹಸುಗೂಸಿನ ಅಂಗೈ ಅಂಗಾಲು ಹಳದಿಯಾದರೆ ಬಿಸಿಲಿಗೆ ಹಿಡಿದುಕೊಂಡು ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ ಅದೂ ಸೂಚನೆಯೇ.

ಮೆದುಳಿಗೆ ಆದ ಪೆಟ್ಟು ವಾಸಿಯಾಗಲ್ಲ, ಆದರೆ ಜಾಸ್ತಿಯೂ ಆಗಲ್ಲ. ಬೇಗ ವ್ಯಾಯಾಮ ಶುರುವಾದಷ್ಟೂ ಮಗು ಜಾಸ್ತಿ ಕಲಿಯುತ್ತದೆ. ನಡೆಯಲಾಗದ ಎಷ್ಟೋ ಮಕ್ಕಳ ಬುದ್ಧಿ ಚುರುಕಾಗೇ ಇರುತ್ತದೆ, ಅವರನ್ನು ಶಾಲೆಗೆ ಸೇರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬರುತ್ತದೆ, ತಪಾಸಣೆ ಪುಕ್ಕಟೆ. ಗೋಣು ನಿಲ್ಲದ ಕೂಸಿದ್ದರೆ ಆ ತಂಡ ಬರುವ ತನಕವೂ ಕಾಯಬೇಡಿ. ನಾಳೆಯೇ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ನೇರವಾಗಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಬನ್ನಿ.