ಕರೆಂಟ್ ಕೊಟ್ರೆ ಶಾಕ್ ಹೊಡೆಯಲ್ವಾ?

ಕೇಳುಗರಿಗೆ ನಮಸ್ಕಾರ.

'ಡಾಕ್ಟ್ರೇ, ಕರೆಂಟ್ ಕೊಟ್ರೆ ಶಾಕ್ ಹೊಡೆಯಲ್ವಾ?' ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಅಂದ ತಕ್ಷಣ ಯಜಮಾನರು ಕೇಳುವುದು ಇದನ್ನೇ. ನಮ್ಮ ಕಡೆ ಇದಕ್ಕೆ ಹೆಸರೇ ಹಾಗೆ ಬಿದ್ದುಬಿಟ್ಟಿದೆ. ಶಾಕ್ ಹೊಡೆಯುವುದಿಲ್ಲ. ಎಕ್ಸ್‌ರೇ ತೆಗೆಸುವಾಗ ಏನೂ ಗೊತ್ತಾಗಲ್ಲ, ಅಲ್ವಾ? ಇದೂ ಅದೇ ಜಾತಿಯ ಕಿರಣ, ಶಕ್ತಿ ಮಾತ್ರ ಬಹಳ ಜಾಸ್ತಿ.

ಪ್ರಾಸ್ಟೇಟ್ ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿ. ಮೇಲೆ ಮೂತ್ರಕೋಶ, ಹಿಂದೆ ಗುದನಾಳ, ನಡುವೆ ಇಕ್ಕಟ್ಟಿನಲ್ಲಿ ಇದು. ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದರೆ ಕಿರಣದಿಂದಲೂ ವಾಸಿ ಮಾಡಬಹುದು. ಆದರೆ ಅಕ್ಕಪಕ್ಕಕ್ಕೆ ಆದಷ್ಟು ಕಡಿಮೆ ತಾಗಬೇಕು.

ಅದಕ್ಕೇ ಪ್ರತಿ ಸಲ ಕಿರಣ ಕೊಡುವ ಮುಂಚೆ ಒಂದು ನೀರಿನ ಕಟ್ಟುಪಾಡು. ಮೊದಲು ಎರಡಕ್ಕೆ ಹೋಗಿ ಬರಬೇಕು. ಒಂದಕ್ಕೂ ಹೋಗಿ, ಹೇಳಿದಷ್ಟು ನೀರು ಕುಡಿದು, ಹೇಳಿದಷ್ಟು ಹೊತ್ತು ತಡೆದುಕೊಂಡು ಕೂರಬೇಕು. ಮೂತ್ರಕೋಶ ತುಂಬಿದರೆ ಅದರ ಬಹುಪಾಲು ಕಿರಣದ ದಾರಿಯಿಂದ ಮೇಲಕ್ಕೆ ಸರಿಯುತ್ತದೆ, ಸಣ್ಣ ಕರುಳನ್ನೂ ದೂರ ತಳ್ಳುತ್ತದೆ. ಖಾಲಿ ಬಾಟಲಿ ಕೈಯಲ್ಲಿ, ಕಣ್ಣು ಗಡಿಯಾರದ ಮೇಲೆ, ಬೆಂಚಿನ ತುದಿಯಲ್ಲಿ ಕಾಲು ಅಲ್ಲಾಡಿಸುತ್ತಾ ಕೂತವರು ಕಂಡರೆ ಅವರು ನಮ್ಮವರೇ. ಸರದಿ ತಡವಾದ ದಿನ ಅವರ ಮುಖ ನೋಡೋಕಾಗಲ್ಲ. ನಿಜವಾದ ಕಷ್ಟ ಬೆಂಚಿನ ಮೇಲೆ, ಮಿಷನ್ ಕೆಳಗಲ್ಲ. ಮಿಷನ್ ಸುಮ್ನೆ ಸುತ್ತ ತಿರುಗುತ್ತದೆ, ಮೈ ಮುಟ್ಟುವುದಿಲ್ಲ. ಕಿರಣ ಬೀಳುವುದು ಕೆಲವೇ ನಿಮಿಷ. ಹೊರಗಿನಿಂದ ಕೊಡುವ ಈ ಕಿರಣ ಮೈಯಲ್ಲಿ ಉಳಿಯುವುದೂ ಇಲ್ಲ. ಮನೆಗೆ ಹೋಗಿ ಮೊಮ್ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ.

ಮೊದಲೆಲ್ಲ ಹೀಗೆ 37 ಸಲ, ಏಳೆಂಟು ವಾರ ಓಡಾಡಬೇಕಿತ್ತು. 20 ಸಲವೂ ಅಷ್ಟೇ ಕೆಲಸ ಮಾಡುತ್ತದೆ ಎಂದು 2016ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ತೋರಿಸಿತು. ಅಪಾಯ ಕಡಿಮೆ ಅಥವಾ ಮಧ್ಯಮ ಇರುವ ಕೆಲವರಿಗೆ ಈಗ 5 ಸಲವೇ ಸಾಕಾಗುತ್ತದೆ. ಊರಿನಿಂದ ಬಂದು ರೂಮ್ ಮಾಡಿಕೊಂಡು ಇರುವವರಿಗೆ ಇದೇನು ಸಣ್ಣ ವಿಷಯವಲ್ಲ. ಕೆಲವರಿಗೆ ಜೊತೆಗೆ ಹಾರ್ಮೋನ್ ಇಂಜೆಕ್ಷನ್ನೂ ಬೇಕಾಗುತ್ತದೆ.

ಚಿಕಿತ್ಸೆಯ ನಡುವೆ ಪದೇ ಪದೇ ಒಂದಕ್ಕೆ ಹೋಗಬೇಕಾಗಬಹುದು, ಉರಿಯಬಹುದು. ಮುಗಿದ ಕೆಲವು ವಾರಕ್ಕೆ ಹೆಚ್ಚಿನವರಿಗೆ ಇಳಿಯುತ್ತದೆ. ತಿಂಗಳುಗಳೋ ವರ್ಷಗಳೋ ಆದ ಮೇಲೆ ಮಲದಲ್ಲಿ ರಕ್ತ ಕಂಡರೆ ಪೈಲ್ಸ್ ಅಂದುಕೊಂಡು ಕೂರಬೇಡಿ, ಬಂದು ತೋರಿಸಿ. ನಿಮಿರುವಿಕೆ ಕಡಿಮೆಯಾಗುವುದೂ ಉಂಟು. ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಹಾಗಾಗಿ ನಾನೇ ಮೊದಲು ಹೇಳಿಬಿಡುತ್ತೇನೆ. ಅದಕ್ಕೂ ಮಾತ್ರೆಗಳಿವೆ.

ಇನ್ನೊಂದು, ಪಿಎಸ್‌ಎ. ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್ ಅದು, ರಕ್ತ ಪರೀಕ್ಷೆಯಲ್ಲಿ ಅಳೆಯುತ್ತೇವೆ. ಆಪರೇಷನ್ ಆದವರಿಗೆ ಅದು ಬೇಗ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಕಿರಣದಲ್ಲಿ ಹಾಗಲ್ಲ, ಗ್ರಂಥಿ ಒಳಗೇ ಇರುತ್ತದಲ್ಲ. ನಿಧಾನವಾಗಿ, ವರ್ಷವೋ ಎರಡು ವರ್ಷವೋ ಹಿಡಿದು ಇಳಿಯುತ್ತದೆ. ನಡುವೆ ಒಮ್ಮೆ ಸ್ವಲ್ಪ ಏರಿ ಮತ್ತೆ ಇಳಿಯುವುದೂ ಉಂಟು. ಪಕ್ಕದ ಮನೆಯವರ ರಿಪೋರ್ಟ್ ಪಕ್ಕದಲ್ಲಿಟ್ಟುಕೊಂಡು ನೋಡಬೇಡಿ. ಹಳೆಯ ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿ ಹಾಕಿಕೊಂಡು ಬನ್ನಿ, ನಮಸ್ಕಾರ.