ಬೀಗದ ಕೈ ಯಾರ ಹತ್ತಿರ ಇದೆ?

ಕೇಳುಗರಿಗೆ ನಮಸ್ಕಾರ.

ಹಾಸನದಲ್ಲಿ ಮನೆ ಮಾಡಿಕೊಂಡವರಿಗೆ ಮಹಾನವಮಿ ಕಳೆಯುತ್ತಿದ್ದಂತೆ ಫೋನ್ ಬರೋಕೆ ಶುರುವಾಗುತ್ತದೆ. ಹೇಗಿದ್ದೀರಿ, ಮಳೆ ನಿಂತಿತಾ ಅಂತ ಎರಡು ಮಾತು. ಮೂರನೇ ಮಾತಿಗೆ ವಿಷಯ ಹೊರಗೆ ಬೀಳುತ್ತದೆ. ‘ಗುಡಿ ಬಾಗಿಲು ಯಾವತ್ತು ತೆಗೀತಾರೆ?’ ಯಾವ ಗುಡಿ ಅಂತ ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಹಾಸನಾಂಬೆಯ ಗುಡಿ. ಊರಿಗೆ ಹೆಸರು ಬಂದದ್ದೇ ಆ ತಾಯಿಯಿಂದ ಅಂತ ನಮ್ಮ ಕಡೆಯ ಮಾತು. ಆಶ್ವಯುಜ ಹುಣ್ಣಿಮೆ ಆದಮೇಲೆ ಬರುವ ಮೊದಲ ಗುರುವಾರ ಬಾಗಿಲು ತೆಗೆಯುತ್ತಾರೆ. ದೀಪಾವಳಿ ಮುಗಿಯುತ್ತಿದ್ದಂತೆ ಹಾಕುತ್ತಾರೆ. ಆಮೇಲೆ ವರ್ಷವಿಡೀ ಬೀಗ. ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆಗೆಯುವವರೆಗೂ ಆರುವುದಿಲ್ಲ, ಮುಡಿಸಿದ ಹೂವು ಬಾಡುವುದಿಲ್ಲ ಅಂತ ನಂಬಿಕೆ. ಒಳಗೆ ದೇವಿ ಇರುವುದು ಹುತ್ತದ ರೂಪದಲ್ಲಿ.

ಆ ದಿನಗಳಲ್ಲಿ ನಮ್ಮ ಮನೆ ಒಂದು ಛತ್ರ. ನಡುಮನೆಯಲ್ಲಿ ಚಾಪೆ, ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ. ಮೂವತ್ತು ವರ್ಷ ಮೇಡಂ ಆಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಅಭ್ಯಾಸ ನನಗೆ ಆಗ ಉಪಯೋಗಕ್ಕೆ ಬರುತ್ತದೆ.

ಒಂದು ವರ್ಷ ದಾವಣಗೆರೆಯಿಂದ ನನ್ನ ತಂಗಿ, ಅವಳ ಗಂಡ, ಮಗ ಬಂದರು. ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಐದು ಗಂಟೆ ಕ್ಯೂನಲ್ಲಿ ನಿಂತರು. ದರ್ಶನ ಒಂದು ನಿಮಿಷ ಸಿಕ್ಕಿತೋ ಇಲ್ಲವೋ. ಬಂದು ಊಟಕ್ಕೆ ಕೂತ ಹುಡುಗ ಅಂದ, ‘ದೊಡ್ಡಮ್ಮ, ಹಾಸನ ಆಯ್ತು. ನಾಳೆ ಒಂದೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮುಗಿಸಿಬಿಡ್ತೀವಿ.’

ಹಾಸನ ಆಯ್ತಂತೆ! ನನಗೆ ಸ್ವಲ್ಪ ಚುರುಕ್ ಅಂತು. ಅವನದೇನೂ ತಪ್ಪಿಲ್ಲ ಬಿಡಿ. ಹೊರಗಿನವರಿಗೆ ಹಾಸನ ಅಂದರೆ ಒಂದು ಬಸ್ ಸ್ಟ್ಯಾಂಡು, ಒಂದು ಲಾಡ್ಜು. ರಾತ್ರಿ ಮಲಗಿ ಬೆಳಿಗ್ಗೆ ಇನ್ನೊಂದು ಕಡೆ ಹೋಗುವ ಊರು. ಹಾಸನಾಂಬೆ ಗುಡಿಯ ಅಂಗಳದಲ್ಲೇ ಸಿದ್ದೇಶ್ವರನ ಗುಡಿ ಇದೆ. ಅಲ್ಲೊಬ್ಬ ರಾವಣ ಇದ್ದಾನೆ. ವೀಣೆ ಹಿಡಿದಿದ್ದಾನೆ, ತಲೆ ಮಾತ್ರ ಒಂಬತ್ತು. ‘ನೋಡಿದೆಯಾ?’ ಅಂದೆ. ಇಲ್ಲ. ಐದು ಗಂಟೆ ಅದೇ ಅಂಗಳದಲ್ಲಿ ನಿಂತಿದ್ದವನು! ‘ನಾಳೆ ಎಲ್ಲಿಗೂ ಬೇಡ. ನನ್ನ ಜೊತೆ ಬಾ’ ಅಂದೆ. ಹೊರಟಿದ್ದು ಹಾಸನದಿಂದ ಒಂದು ಬೀಡಾ ಮುಗಿಯುವಷ್ಟು ದೂರಕ್ಕೆ.

ಮೊದಲು ಕೋರವಂಗಲ. ಅರಸೀಕೆರೆ ದಾರಿಯಲ್ಲಿ ಹತ್ತು ಕಿಲೋಮೀಟರ್ ಆಸುಪಾಸು. ಅಲ್ಲಿ ಬೂಚೇಶ್ವರನ ಗುಡಿ ಇದೆ. ಹೊಯ್ಸಳ ದೊರೆ ವೀರಬಲ್ಲಾಳ ಪಟ್ಟಕ್ಕೆ ಬಂದ 1173ರಲ್ಲಿ ಆ ಸಂತೋಷಕ್ಕೆ ಬೂಚಿರಾಜ ಎಂಬ ಅಧಿಕಾರಿ ಕಟ್ಟಿಸಿದ್ದು. ಶಿವನಿಗೆ ಎದುರಾಗಿ ಸೂರ್ಯನಿಗೊಂದು ಗರ್ಭಗುಡಿ. ನಾವು ಹೋದಾಗ ಬಾಗಿಲಿಗೆ ಬೀಗ. ಹುಡುಗ ನನ್ನ ಮುಖ ನೋಡಿದ. ‘ಇದಕ್ಕೂ ವರ್ಷಕ್ಕೊಂದೇ ಸಲವಾ ದೊಡ್ಡಮ್ಮ?’

ಪಕ್ಕದ ಮನೆ ಜಗಲಿ ಮೇಲೆ ಅಜ್ಜಿಯೊಬ್ಬರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದೆ. ‘ಗದ್ದೆ ತಾವ ಹೋಗವ್ನೆ. ಬತ್ತಾನೆ, ಕೂತ್ಕಳಿ ತಾಯಿ’ ಅಂದರು. ಕೂತೆವು. ತಂಗಿಯೂ ಸುಮ್ನೆ ಕೂರಲಾರದೆ ಅವರೆಕಾಯಿ ಸುಲಿಯೋಕೆ ಶುರು ಮಾಡಿದಳು. ಮಜ್ಜಿಗೆ ಬಂತು. ತಂಗಿಯ ಗಂಡನಿಗೂ ಆ ಅಜ್ಜಿಗೂ ತೆಂಗಿನ ರೋಗದ ಬಗ್ಗೆ ದೊಡ್ಡ ಮಾತುಕತೆ ನಡೆಯಿತು. ಮುಕ್ಕಾಲು ಗಂಟೆ ಆದಮೇಲೆ ಬೀಗದ ಕೈ ಬಂತು, ಕೆಸರು ಕಾಲಲ್ಲಿ, ನಗುತ್ತಾ. ಕಾಲು ತೊಳೆದುಕೊಂಡು ಬಾಗಿಲು ತೆಗೆದರು. ಒಳಗೆ ನಾವು ನಾಲ್ಕೇ ಜನ. ಕಡೆದ ಕಂಬಗಳು ಕನ್ನಡಿಯಂತೆ ನುಣುಪು. ಹುಡುಗ ಮೊಬೈಲ್ ಟಾರ್ಚು ಬಿಟ್ಟು ಛಾವಣಿ ನೋಡುತ್ತಾ ನಿಂತವನು ಕರೆದರೂ ಬರಲಿಲ್ಲ. ಹಿಂದಿನ ದಿನ ಒಂದು ನಿಮಿಷ, ಇವತ್ತು ಬೇಕಾದಷ್ಟು ಹೊತ್ತು.

ಅಲ್ಲಿಂದ ಊರ ಇನ್ನೊಂದು ದಿಕ್ಕಿಗೆ, ಮೊಸಳೆಗೆ. ಹೊಳೆನರಸೀಪುರದ ದಾರಿಯಲ್ಲಿ ಮೊಸಳೆಹೊಸಹಳ್ಳಿ ಅಂತ ಕೇಳಿದರೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಮೊಸಳೆ ಅದರ ಹತ್ತಿರದ ಹಳ್ಳಿ. ಇಲ್ಲಿ ಎರಡು ಗುಡಿ, ಒಂದರ ಪಕ್ಕ ಒಂದು. ಒಂದು ನಾಗೇಶ್ವರನದು, ಒಂದು ಚೆನ್ನಕೇಶವನದು. ಅವಳಿ ಮಕ್ಕಳಿಗೆ ಒಂದೇ ಥಾನಿನ ಬಟ್ಟೆಯಲ್ಲಿ ಅಂಗಿ ಹೊಲಿಸಿ ನಿಲ್ಲಿಸಿದ ಹಾಗಿದೆ. ಎತ್ತರ ಒಂದೇ, ಗೋಪುರ ಒಂದೇ. ಶಿವನದು ಯಾವುದು, ವಿಷ್ಣುವಿನದು ಯಾವುದು ಅಂತ ಗೊತ್ತಾಗಬೇಕಾದರೆ ಗೋಡೆಯ ಮೇಲಿನ ವಿಗ್ರಹಗಳನ್ನು ಒಂದೊಂದಾಗಿ ನೋಡಬೇಕು. ಶೈವ ವೈಷ್ಣವ ಅಂತ ಜಗಳ ಆಡುವವರನ್ನು ಕರೆತಂದು ಈ ಎರಡು ಗೋಡೆಗಳ ಸಂದಿಯಲ್ಲಿ ನಿಲ್ಲಿಸಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಜಾಸ್ತಿ ಜಾಗವೂ ಇಲ್ಲ, ಜಗಳ ಆಡೋಕೆ ಆಗುವುದಿಲ್ಲ.

ಮೂರನೆಯದು ದೊಡ್ಡಗದ್ದವಳ್ಳಿ. ಬೇಲೂರು ರಸ್ತೆಯಲ್ಲಿ ಹೋಗಿ ಒಳಗೆ ತಿರುಗಬೇಕು. ನನ್ನನ್ನು ಕೇಳಿದರೆ ಹಾಸನ ಜಿಲ್ಲೆಯಲ್ಲಿ ಒಂದೇ ಒಂದು ಜಾಗ ನೋಡುವಷ್ಟು ಸಮಯ ಇದ್ದರೆ ಇಲ್ಲಿಗೇ ಹೋಗಿ ಅನ್ನುತ್ತೇನೆ. ಬೇಲೂರಿನವರು ಕೋಪ ಮಾಡಿಕೊಳ್ಳಬಾರದು. ಬೇಲೂರಿನ ಗುಡಿ 1117ರದು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ 1114ರ ಸುಮಾರಿನದು. ಅಂದರೆ ಇದು ಅಕ್ಕ. ಕಟ್ಟಿಸಿದವನು ರಾಜನಲ್ಲ, ಕುಲ್ಲಹಣ ರಾಹುತ ಎಂಬ ವ್ಯಾಪಾರಿ, ಜೊತೆಗೆ ಹೆಂಡತಿ ಸಹಜಾದೇವಿ. ಗಂಡ ಹೆಂಡತಿ ಇಬ್ಬರ ಹೆಸರೂ ಶಾಸನದಲ್ಲಿ ಉಳಿದಿದೆ ಎನ್ನುವುದು ನನಗೆ ಬಹಳ ಇಷ್ಟ.

ಇಲ್ಲಿ ಗರ್ಭಗುಡಿ ನಾಲ್ಕು. ನಾಲ್ಕು ಸೇರಿ ಒಂದೇ ಗುಡಿ. ಶಿಖರಗಳಲ್ಲಿ ಮೂರು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತವೆ. ಲಕ್ಷ್ಮಿಯ ತಲೆಯ ಮೇಲಿನದಕ್ಕೆ ಮಾತ್ರ ಜಾಸ್ತಿ ಅಲಂಕಾರ. ಪಕ್ಕದಲ್ಲೇ ಕೆರೆ. ಒಳಗೆ ಕಾಳಿಯ ಬಾಗಿಲ ಎರಡೂ ಕಡೆ ಬೇತಾಳಗಳು ನಿಂತಿವೆ. ಆಳೆತ್ತರ, ಎಲುಬು ಎಣಿಸಬಹುದು. ಚಿಕ್ಕಂದಿನಲ್ಲಿ ನಮ್ಮಪ್ಪ ನನ್ನನ್ನು ಕರೆದುಕೊಂಡು ಹೋದಾಗ ಆ ಬಾಗಿಲ ಹತ್ತಿರ ಹೋಗಲ್ಲ ಅಂತ ಹಟ ಮಾಡಿದ್ದೆ. ಅವತ್ತು ಹೋದಾಗಲೂ ಸ್ವಲ್ಪ ದೂರವೇ ನಿಂತೆ, ಹುಡುಗನಿಗೆ ಗೊತ್ತಾಗದ ಹಾಗೆ.

2020ರ ನವೆಂಬರಿನಲ್ಲಿ ಅಲ್ಲಿನ ಕಾಳಿಯ ವಿಗ್ರಹ ಒಡೆದು ಬಿದ್ದಿದ್ದು ಕಂಡುಬಂತು. ಆ ಸುದ್ದಿ ಬಂದ ದಿನ ನಮ್ಮ ಬೀದಿಯಲ್ಲೆಲ್ಲ ಅದೇ ಮಾತು. ಎಷ್ಟೋ ಜನ ‘ಅಯ್ಯೋ, ನಾನು ಒಂದು ಸಲವೂ ಹೋಗಿರಲಿಲ್ಲ’ ಅಂದರು. ಹದಿನೈದು, ಹದಿನಾರು ಕಿಲೋಮೀಟರ್ ದೂರದ ಗುಡಿ!

ಮಧ್ಯಾಹ್ನದ ಊಟದ ವಿಷಯ ಹೇಳಲೇಬೇಕು. ಈ ಹಳ್ಳಿಗಳಲ್ಲಿ ಹೋಟೆಲ್ ನೆಚ್ಚಿಕೊಂಡು ಹೋಗಬೇಡಿ. ನಾನು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಹೋಗಿದ್ದೆ. ದೊಡ್ಡಗದ್ದವಳ್ಳಿಯ ಕೆರೆ ಏರಿ ಮೇಲೆ ಕೂತು ತಿಂದೆವು. ದಾವಣಗೆರೆಯವರಿಗೆ ರೊಟ್ಟಿ ಅಂದರೆ ಜೋಳದ್ದು. ತಂಗಿಯ ಗಂಡ ಮೊದಲು ಅನುಮಾನದಿಂದ ಒಂದು ತುಂಡು ಮುರಿದರು. ಆಮೇಲೆ ಡಬ್ಬಿ ಅವರ ಕಡೆಯೇ ಉಳಿಯಿತು.

ಹಾಗಾದರೆ ಬೇಲೂರು, ಹಳೇಬೀಡು ಬೇಡವಾ? ಬೇಕು ಬೇಕು. 2023ರಲ್ಲಿ ಈ ಎರಡೂ, ಜೊತೆಗೆ ಸೋಮನಾಥಪುರ, ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿವೆ. ಎರಡಕ್ಕೂ ಸೇರಿ ಒಂದು ಇಡೀ ದಿನ ಕೊಡಿ ಅಷ್ಟೇ. ಒಂದರಿಂದ ಇನ್ನೊಂದಕ್ಕೆ ಹದಿನಾರು ಕಿಲೋಮೀಟರ್. ಬೇಲೂರಿನಲ್ಲಿ ಮದನಿಕೆಯರನ್ನು ನೋಡಿ ‘ಆಹಾ’ ಅಂದು ಮುಂದೆ ಹೋಗಬೇಡಿ, ಅವರ ಕಾಲ ಕೆಳಗೂ ನೋಡಿ. ಕೆಲವು ಕಡೆ ಶಿಲ್ಪಿಗಳ ಹೆಸರು ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಒಂದೇ ಕೆಲಸದ ಮೇಲೆ ಅಷ್ಟು ದೂರದಿಂದ ಬಂದವರು. ಹಳೇಬೀಡಿನಲ್ಲಿ ದೊಡ್ಡ ಗುಡಿ ನೋಡಿ ಬಸ್ಸು ಹತ್ತುವವರೇ ಜಾಸ್ತಿ. ಸ್ವಲ್ಪ ನಡೆದು ಬಸ್ತಿಹಳ್ಳಿಗೆ ಹೋಗಿ. ಅಲ್ಲಿನ ಪಾರ್ಶ್ವನಾಥ ಬಸದಿ 1133ರದು. ಕಂಬದ ಮುಂದೆ ನಿಂತರೆ ನಿಮ್ಮ ಮುಖ ಕಾಣುತ್ತದೆ, ತಲೆಕೆಳಗಾಗಿಯೂ ಕಾಣುತ್ತದೆ. ನಮ್ಮ ಹುಡುಗ ಅಲ್ಲಿ ತಲೆ ಬಾಚಿಕೊಂಡ.

ಶ್ರವಣಬೆಳಗೊಳ ಬೇರೆ ದಿಕ್ಕು, ಬೇರೆ ದಿನ. ಮೆಟ್ಟಿಲು ಆರುನೂರಕ್ಕೂ ಹೆಚ್ಚು. ಬರಿಗಾಲಲ್ಲಿ ಹತ್ತಬೇಕು, ಹತ್ತು ಗಂಟೆ ಮೇಲೆ ಬಂಡೆ ಕಾವಲಿಯಾಗುತ್ತದೆ. ಬೆಳಿಗ್ಗೆ ಬೇಗ ಹೋಗಿ. ಸಾಧ್ಯವಾದರೆ ಎದುರಿನ ಚಂದ್ರಗಿರಿಯನ್ನೂ ಹತ್ತಿ, ಅಲ್ಲಿ ಜನ ಕಮ್ಮಿ.

ಶೆಟ್ಟಿಹಳ್ಳಿಯ ಮುಳುಗುವ ಚರ್ಚು ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದಮೇಲೆ ಹಿನ್ನೀರು ಬಂತು, ಊರಿನವರು ಬೇರೆ ಕಡೆ ಹೋದರು, ಚರ್ಚು ಅಲ್ಲೇ ಉಳಿಯಿತು. ಮಳೆಗಾಲ ಚೆನ್ನಾಗಿ ಆದರೆ ಅರ್ಧ ನೀರಲ್ಲಿ. ಬೇಸಿಗೆಯಲ್ಲಿ ಒಳಗೆ ನಡೆದೇ ಹೋಗಬಹುದು, ದನ ಮೇಯುತ್ತಿರುತ್ತವೆ. ಫೋಟೋಕ್ಕೆ ಅಂತ ಗೋಡೆ ಹತ್ತಬೇಡಿ. ಅದು ಇನ್ನೂ ನಿಂತಿರುವುದೇ ದೊಡ್ಡದು.

ಇನ್ನು ಊರಿಗೆ ವಾಪಸ್ ಬರೋಣ. ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಭಾರಿ ಬಿಳಿ ತಟ್ಟೆಗಳು ಆಕಾಶ ನೋಡುತ್ತಾ ನಿಂತಿರುವುದು ಕಾಣುತ್ತದೆ. ಅದು ಇಸ್ರೋದ ಕೇಂದ್ರ. 1982ರಿಂದ ಇದೆ. ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಸುಮ್ನೆ ಒಳಗೆ ಬಿಡುವುದಿಲ್ಲ, ಅದರ ಬೀಗದ ಕೈ ಕೇಳುವ ಧೈರ್ಯವೂ ನನಗಿಲ್ಲ. ಸಂಜೆ ಮಹಾರಾಜ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ, ಕಾಫಿ ಕುಡಿದು ಮನೆಗೆ ಬಂದೆವು.

ಮಾರನೇ ದಿನ ಅವರು ಬೇಲೂರು, ಹಳೇಬೀಡು ನೋಡಿದರು. ಅದರ ಮಾರನೇ ದಿನ ಹೊರಟರು. ತಂಗಿಯ ಗಂಡ ಮಾರ್ಕೆಟ್ಟಿಗೆ ಹೋಗಿ ಹತ್ತು ಕೆಜಿ ಹಾಸನದ ಆಲೂಗಡ್ಡೆ ತಂದಿದ್ದರು, ಚೀಲ ಹುಡುಗನ ಹೆಗಲಿಗೆ. ಬಸ್ ಸ್ಟ್ಯಾಂಡಿನಲ್ಲಿ ಹುಡುಗ ಕೇಳಿದ, ‘ದೊಡ್ಡಮ್ಮ, ಕೋರವಂಗಲದಲ್ಲಿ ಹೊಲದ ಮಧ್ಯೆ ಇನ್ನೂ ಎರಡು ಪಾಳು ಗುಡಿ ಇವೆ ಅಂತ ಆ ಅಜ್ಜಿ ಹೇಳ್ತಿದ್ರಲ್ಲ. ನಾವು ಅದನ್ನ ನೋಡ್ಲೇ ಇಲ್ಲ ಅಲ್ವಾ?’

‘ಅದಕ್ಕೆ ಬೀಗ ಇಲ್ಲ. ಯಾವಾಗ ಬೇಕಾದರೂ ಬಾ’ ಅಂದೆ. ಅಷ್ಟರಲ್ಲಿ ಬಸ್ಸು ಬಂತು.

ನಮಸ್ಕಾರ.